ಡೀಸೆಲ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ

ಗ್ಯಾರೇಜಿಗೆ ಬಿಡುವ ಮುಂಚೆ ಓಡುತ್ತಿದ್ದ ಗಾಡಿ ರಿಪೇರಿಯಾದ ಮೇಲೆ ಏಳದೆ ನಿಂತರೆ, ಮಾಲೀಕನಿಗೆ ದುಡ್ಡು ಹೋದ ಸಂಕಟದ ಜೊತೆಗೆ ಮೋಸಹೋದೆನೇನೋ ಎಂಬ ಅನುಮಾನವೂ ಹತ್ತಿಕೊಳ್ಳುತ್ತದೆ. "ನಿನ್ನೆ ತನಕ ಓಡ್ತಿತ್ತಣ್ಣ. ಟ್ಯಾಂಕ್ ತೊಳೆಸ್ದೆ, ಡೀಸೆಲ್ ಫಿಲ್ಟರ್ ಹೊಸಾದು ಹಾಕಿಸ್ದೆ. ಈಗ ಸೆಲ್ಫ್ ಹೊಡೆದ್ರೆ ತಿರುಗ್ತೈತೆ, ಆದ್ರೆ ಹಿಡೀತಾನೇ ಇಲ್ಲ." ಬಳ್ಳಾರಿಯಲ್ಲಿ ಗ್ಯಾರೇಜುಗಳಿರುವ ಬೀದಿಯಲ್ಲಿ ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ. ಬಂದವನಿಗೆ ಸಿಟ್ಟು, ಕೆಲಸ ಮಾಡಿದವನಿಗೆ ಮುಜುಗರ. ಇಬ್ಬರೂ ಸೇರಿ ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯುತ್ತಾರೆ. ಅಷ್ಟು ಹೊತ್ತಿಗೆ ಒಂದಿದ್ದ ತೊಂದರೆ ಎರಡಾಗಿರುತ್ತದೆ.

ಬಳ್ಳಾರಿಯ ಬ್ರೂಸ್‌ಪೇಟೆಯಂಥ ಕಡೆ ಇದು ಸಣ್ಣ ವಿಷಯವಲ್ಲ. ಹಳೆಯ ವ್ಯಾಪಾರದ ಪೇಟೆ ಅದು. ದೊಡ್ಡ ಲಾರಿ ತಿರುಗಲು ಕಷ್ಟವಾಗುವ ಬೀದಿಗಳಿಗೆ ಸರಕು ಬರುವುದೂ ಹೋಗುವುದೂ ಸಣ್ಣ ಗಾಡಿಗಳಲ್ಲಿ. ಬಳ್ಳಾರಿಯ ಜೀನ್ಸ್ ಬಟ್ಟೆ ಹೊಲಿಗೆಯ ಜಾಗದಿಂದ ವಾಷಿಂಗ್ ಜಾಗಕ್ಕೆ, ಅಲ್ಲಿಂದ ಮತ್ತೆ ಅಂಗಡಿಗೆ ಓಡಾಡುವುದು ಇವುಗಳ ಮೇಲೇ. ಸಿರುಗುಪ್ಪದ ಅಕ್ಕಿ, ಕುರುಗೋಡು ಕಡೆಯ ಮೆಣಸಿನಕಾಯಿ, ಮದುವೆ ಮನೆಯ ಪಾತ್ರೆ, ಶಾಲೆಯ ಮಕ್ಕಳು, ಎಲ್ಲಕ್ಕೂ ಒಂದು ವ್ಯಾನ್ ಬೇಕು. ಇಂಥ ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಹೋಯಿತು. ಮೂರು ದಿನ ನಿಂತರೆ ಗಿರಾಕಿಯೇ ಹೋದ.

ಇಲ್ಲಿ ಹೇಳಹೊರಟಿರುವುದು ಕಂಪ್ಯೂಟರ್ ಇಟ್ಟು ನೋಡುವ ಹೊಸ ಗಾಡಿಗಳ ಕಥೆಯಲ್ಲ. ಹಳೆಯ ವ್ಯಾನ್‌ಗಳದ್ದು. ಅದರಲ್ಲಿ ಎರಡು ಕುಲಗಳಿವೆ. ಒಂದು, ಪುಣೆಯ ಬಜಾಜ್ ಟೆಂಪೋ ಕಂಪನಿ ಮಾಡಿದ ಮೆಟಡಾರ್ ಮತ್ತು ಅದರ ತಮ್ಮನಂತೆ ಬಂದ ಟ್ರ್ಯಾಕ್ಸ್. ನಮ್ಮ ಕಡೆ ಎಷ್ಟೋ ವರ್ಷ ಯಾವ ಕಂಪನಿಯ ವ್ಯಾನ್ ಬಂದರೂ ಜನ ಅದನ್ನು ಮೆಟಡಾರ್ ಎಂದೇ ಕರೆದರು. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಆದರೆ ಮರ್ಸಿಡಿಸ್-ಬೆಂಜ್ ಪರವಾನಗಿಯಲ್ಲಿ ಅದು ಮಾಡಿದ ಓಎಂ 616 ಎಂಬ ನಾಲ್ಕು ಸಿಲಿಂಡರಿನ, 2,399 ಸಿಸಿಯ ಡೀಸೆಲ್ ಎಂಜಿನ್ ಇನ್ನೂ ರಸ್ತೆಯ ಮೇಲಿದೆ. ಎರಡನೆಯದು ಮಾರುತಿ ವ್ಯಾನ್. 1984ರಲ್ಲಿ ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರಲ್ಲಿ ತಯಾರಿಕೆ ನಿಂತ ಈ ಪೆಟ್ರೋಲ್ ಗಾಡಿಗೆ ಮೂರು ಸಿಲಿಂಡರಿನ 796 ಸಿಸಿ ಎಂಜಿನ್. ಎರಡರ ಸ್ವಭಾವ ಬೇರೆ, ಕಾಯಿಲೆ ಬೇರೆ. ಆದರೆ ಪರೀಕ್ಷೆ ಶುರುವಾಗಬೇಕಾದ ಜಾಗ ಎರಡಕ್ಕೂ ಒಂದೇ: ಕೊನೆಗೆ ಕೈ ಹಾಕಿದ್ದು ಎಲ್ಲಿಗೆ?

ಗಾಡಿ ನಿನ್ನೆ ಓಡಿದೆ. ಅಂದರೆ ನಿನ್ನೆಯ ತನಕ ಕಂಪ್ರೆಷನ್ ಇತ್ತು, ವಾಲ್ವ್ ಸರಿಯಿತ್ತು, ಸೆಲ್ಫ್ ಮೋಟರ್ ಸರಿಯಿತ್ತು. ರಾತ್ರೋರಾತ್ರಿ ಅವೆಲ್ಲ ಕೆಡುವುದಿಲ್ಲ. ಬದಲಾದದ್ದು ಪಾನಾ ಹಿಡಿದ ಕೈ ಮುಟ್ಟಿದಷ್ಟು ಮಾತ್ರ. ಇದು ಕೇಳಲು ಸುಲಭ. ಆದರೆ ಗಾಡಿ ಏಳದೆ ನಿಂತಾಗ ಮೊದಲು ಮರೆತುಹೋಗುವುದೂ ಇದೇ. ಕಂಪ್ರೆಷನ್ ಹೋಗಿದೆ, ಹೆಡ್ ಬಿಚ್ಚಬೇಕು ಎಂಬ ಮಾತಿಗೆ ಬೇಗ ಹೋಗಿಬಿಡುತ್ತಾರೆ. ಹತ್ತು ರೂಪಾಯಿಯ ವಾಷರ್ ಮಾಡಿದ ತಪ್ಪಿಗೆ ಸಾವಿರಾರು ರೂಪಾಯಿಯ ಎಂಜಿನ್ ಬಿಚ್ಚುವುದು ಅನ್ಯಾಯ.

ಗಾಳಿ ಯಾಕೆ ಇಷ್ಟು ಕಾಡುತ್ತದೆ

ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಅದುಮುತ್ತದೆ. ಓಎಂ 616ರಲ್ಲಿ ಸುಮಾರು ಇಪ್ಪತ್ತೊಂದು ಪಾಲನ್ನು ಒಂದು ಪಾಲಿಗೆ ಅದುಮುತ್ತದೆ. ಹಾಗೆ ಅದುಮಿದ ಗಾಳಿ ಡೀಸೆಲ್ ತಾನಾಗಿ ಹತ್ತಿಕೊಳ್ಳುವಷ್ಟು ಕಾಯುತ್ತದೆ. ಆ ಬಿಸಿಗೆ ಸರಿಯಾದ ಗಳಿಗೆಯಲ್ಲಿ ಡೀಸೆಲ್ಲನ್ನು ಮಂಜಿನಂತೆ ಚಿಮುಕಿಸಬೇಕು. ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಈ ಚಿಮುಕಿಸುವ ಕೆಲಸಕ್ಕೆ ದೊಡ್ಡ ಏರ್ ಕಂಪ್ರೆಸರ್ ಬೇಕಾಗುತ್ತಿತ್ತು. ಹಾಗಾಗಿ ಡೀಸೆಲ್ ಎಂಜಿನ್ ಹಡಗು, ಕಾರ್ಖಾನೆಗಳಲ್ಲೇ ಉಳಿದಿತ್ತು. ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ಕೈಗೆತ್ತಿಕೊಳ್ಳುವಷ್ಟು ಸಣ್ಣ ಇಂಜೆಕ್ಷನ್ ಪಂಪನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಲಾರಿ, ವ್ಯಾನ್‌ಗಳಲ್ಲಿ ಡೀಸೆಲ್ ಎಂಜಿನ್ ವ್ಯಾಪಕವಾಗಿ ಹರಡಿತು. ಆ ಕಂಪನಿಯ ಭಾರತದ ಶಾಖೆ 1951ರಲ್ಲಿ ಶುರುವಾದ ಮೈಕೊ. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದಾಗಿ ಆ ಹೆಸರು ಕನ್ನಡಿಗರ ಮನೆಮಾತಾಯಿತು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇಂದಿಗೂ ಮೈಕೊ ಪಂಪೇ.

ಈ ಪಂಪ್ ಮಾಡುವ ಕೆಲಸದ ಅಳತೆ ಗೊತ್ತಾದರೆ ಅರ್ಧ ಸಮಸ್ಯೆ ಅಲ್ಲೇ ಅರ್ಥವಾಗುತ್ತದೆ. ಗಾಡಿ ಪೂರ್ತಿ ಭಾರ ಎಳೆಯುವಾಗಲೂ ಪಂಪ್ ಒಂದು ಹೊಡೆತಕ್ಕೆ ಒಂದು ಸಿಲಿಂಡರಿಗೆ ತಳ್ಳುವ ಡೀಸೆಲ್ ಸುಮಾರು 30 ಘನ ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಜೋಳದ ಕಾಳಿನಷ್ಟು. ಈ ಕಾಳಿನಷ್ಟು ಡೀಸೆಲ್, ಅದನ್ನು ಚಿಮುಕಿಸುವ ನಾಜಲ್ಲಿನ ಸ್ಪ್ರಿಂಗನ್ನು ಎತ್ತಬೇಕಾದರೆ ಪೈಪಿನಲ್ಲಿ ಒತ್ತಡ 115 ಬಾರ್ ಸುಮಾರಿಗೆ ಏರಬೇಕು, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ನೂರಕ್ಕೂ ಹೆಚ್ಚು ಪಟ್ಟು. ಪೈಪಿನ ತುಂಬ ಡೀಸೆಲ್ ಇದ್ದರೆ ಇದು ಕ್ಷಣದ ಕೆಲಸ. ಡೀಸೆಲ್ ಹೆಚ್ಚು ಅದುಮಿಕೊಳ್ಳುವುದಿಲ್ಲ. ಒಂದು ತುದಿಯಲ್ಲಿ ತಳ್ಳಿದರೆ ಇನ್ನೊಂದು ತುದಿಗೆ ಪೆಟ್ಟು ಮುಟ್ಟುತ್ತದೆ. ನಡುವೆ ಗಾಳಿ ಸಿಕ್ಕಿಕೊಂಡರೆ ಪಂಪ್ ತಳ್ಳಿದಷ್ಟನ್ನೂ ಗಾಳಿಯೇ ಕುಗ್ಗಿ ನುಂಗಿಕೊಳ್ಳುತ್ತದೆ. ಪಂಪ್ ಹಿಂದೆ ಸರಿದಾಗ ಮತ್ತೆ ಹಿಗ್ಗುತ್ತದೆ. ನಾಜಲ್ ತೆರೆಯುವುದೇ ಇಲ್ಲ. ಎಂಜಿನ್ ತಿರುಗುತ್ತಲೇ ಇರುತ್ತದೆ, ಹಿಡಿಯುವುದಿಲ್ಲ.

ಇನ್ನೂ ಒಂದು ಲೆಕ್ಕ ನೋಡಿ. ಪಂಪಿನಿಂದ ನಾಜಲ್ಲಿಗೆ ಹೋಗುವ ಉಕ್ಕಿನ ಪೈಪು ಅರ್ಧ ಮೀಟರ್ ಉದ್ದ, ಒಳತೂತು 2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದು ಪೂರ್ತಿ ಖಾಲಿಯಾಗಿದ್ದರೆ ತುಂಬಲು ಸುಮಾರು 1,570 ಘನ ಮಿಲಿಮೀಟರ್ ಡೀಸೆಲ್ ಬೇಕು. ಹೊಡೆತಕ್ಕೆ 30 ಎಂದರೆ ಐವತ್ತಕ್ಕೂ ಹೆಚ್ಚು ಹೊಡೆತ. ಎಂಜಿನ್ ಎರಡು ಸುತ್ತು ತಿರುಗಿದರೆ ಪಂಪಿನಿಂದ ಆ ಸಿಲಿಂಡರಿಗೆ ಬರುವುದು ಒಂದೇ ಹೊಡೆತ. ಸೆಲ್ಫ್ ನಿಮಿಷಕ್ಕೆ 150 ಸುತ್ತು ತಿರುಗಿಸಿದರೆ ಬರೀ ಪೈಪ್ ತುಂಬಲು ಮುಕ್ಕಾಲು ನಿಮಿಷದ ಹತ್ತಿರ ಬೇಕು. ಸೆಲ್ಫ್ ಮೋಟರನ್ನು ಒಂದೇ ಸಮನೆ ಹತ್ತು-ಹದಿನೈದು ಸೆಕೆಂಡಿಗಿಂತ ಹೆಚ್ಚು ತಿರುಗಿಸಿದರೆ ಅದರ ಒಳಗಿನ ತಂತಿ ಕಾದು ಸುಡುತ್ತದೆ. ಇನ್ನು ಫಿಲ್ಟರ್ ಬಟ್ಟಲೂ ಪಂಪಿನ ಹೊಟ್ಟೆಯೂ ಖಾಲಿಯಿದ್ದರೆ ಬ್ಯಾಟರಿ ಸತ್ತರೂ ಡೀಸೆಲ್ ನಾಜಲ್ ಮುಟ್ಟದು. ಸೆಲ್ಫ್ ಹೊಡೆದು ಹೊಡೆದೇ ಗಾಳಿ ಓಡಿಸುತ್ತೇನೆ ಎನ್ನುವ ಹಟ ಇದಕ್ಕೇ ಸೋಲುವುದು. ಹೊಲದಲ್ಲಿ ಡೀಸೆಲ್ ಮುಗಿದು ಟ್ರ್ಯಾಕ್ಟರ್ ನಿಲ್ಲಿಸಿಕೊಂಡ ಸಿರುಗುಪ್ಪದ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಡೀಸೆಲ್ ತಂದು ಸುರಿದ ಕೂಡಲೇ ಆತ ಸೆಲ್ಫಿಗೆ ಹೋಗುವುದಿಲ್ಲ, ಫೀಡ್ ಪಂಪಿನ ಗುಬಟಿಗೆ ಹೋಗುತ್ತಾನೆ.

ಆ ಗುಬಟಿ, ಅಂದರೆ ಕೈಯಿಂದ ಒತ್ತುವ ಹ್ಯಾಂಡ್ ಪ್ರೈಮರ್, ಇಂಜೆಕ್ಷನ್ ಪಂಪಿನ ಪಕ್ಕದಲ್ಲಿ ಕೂತ ಫೀಡ್ ಪಂಪಿನ ತಲೆಯ ಮೇಲಿರುತ್ತದೆ. ತಿರುಗಿಸಿ ಸಡಿಲಿಸಿದರೆ ಮೇಲೇಳುತ್ತದೆ. ಕ್ರಮ ಹೀಗೆ. ಫಿಲ್ಟರ್ ತಲೆಯ ಮೇಲಿರುವ ಬ್ಲೀಡ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ ಗುಬಟಿ ಒತ್ತಬೇಕು. ಮೊದಲು ಬುಸ್ಸೆಂದು ಗಾಳಿ, ಆಮೇಲೆ ನೊರೆ, ಆಮೇಲೆ ಗುಳ್ಳೆಯಿಲ್ಲದ ಡೀಸೆಲ್ ಬರುತ್ತದೆ. ಗುಳ್ಳೆ ಪೂರ್ತಿ ನಿಲ್ಲುವ ತನಕ ಒತ್ತಿ, ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂವಿನಲ್ಲೂ ಅದೇ ಕೆಲಸ. ಕೊನೆಗೆ ನಾಜಲ್ ಬಳಿಯ ಪೈಪ್ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ ಸ್ವಲ್ಪ ಸೆಲ್ಫ್ ಕೊಟ್ಟರೆ ಅಲ್ಲಿಯೂ ಗಾಳಿ ಹೊರಬಂದು ಡೀಸೆಲ್ ಜಿನುಗುತ್ತದೆ. ಒಂದೊಂದೇ ಬಿಗಿಯುತ್ತ ಬಂದಂತೆ ಎಂಜಿನ್ ಮೊದಲು ಕುಂಟುತ್ತ, ಆಮೇಲೆ ನಾಲ್ಕೂ ಸಿಲಿಂಡರಿನಲ್ಲಿ ಹಿಡಿಯುತ್ತದೆ. ಈ ಕ್ರಮ ತಪ್ಪಬಾರದು. ಟ್ಯಾಂಕಿನ ಕಡೆಯಿಂದ ನಾಜಲ್ಲಿನ ಕಡೆಗೇ ಹೋಗಬೇಕು. ನಾಜಲ್ ಕಡೆಯಿಂದ ಶುರು ಮಾಡಿದರೆ ಹಿಂದಿನ ಗಾಳಿ ಮತ್ತೆ ಮುಂದೆ ಬಂದು ಕೂರುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಸಡಿಲಿಸಿದ ನಟ್ಟಿನ ಎದುರು, ಹೊರತೆಗೆದ ನಾಜಲ್ಲಿನ ತುದಿಯ ಎದುರು ಬೆರಳು ಹಿಡಿದು ಡೀಸೆಲ್ ಬರುತ್ತಿದೆಯೇ ಎಂದು ನೋಡಬೇಡಿ. ಆ ಒತ್ತಡದ ಎಳೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು. ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಬೆರಳು ಬಾತು ಒಳಗೆ ಕೊಳೆಯತೊಡಗುತ್ತದೆ. ಹಾಗಾದರೆ ಅರಿಶಿನ ಹಚ್ಚಿಕೊಂಡು ಮನೆಗೆ ಹೋಗುವುದಲ್ಲ, ಆಗಲೇ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಬೇಕು. ತಡವಾದರೆ ಬೆರಳೇ ಹೋಗಬಹುದು.

ಸೋರದ ಜಾಗದಲ್ಲೇ ಕಳ್ಳ

ಗಾಳಿ ತೆಗೆದಾಯಿತು, ಗಾಡಿ ಹಿಡಿಯಿತು, ಎರಡು ನಿಮಿಷ ಓಡಿ ಮತ್ತೆ ಕೆಮ್ಮಿ ನಿಂತಿತು. ಅಥವಾ ಸಂಜೆ ಚೆನ್ನಾಗಿ ಓಡಿದ್ದು ಬೆಳಗ್ಗೆ ಮತ್ತೆ ಏಳಲಿಲ್ಲ. ಹೀಗಾದರೆ ಗಾಳಿ ಎಲ್ಲಿಂದಲೋ ಹೊಸದಾಗಿ ಒಳಬರುತ್ತಿದೆ ಎಂದರ್ಥ. ಜನ ಸಾಮಾನ್ಯವಾಗಿ ಡೀಸೆಲ್ ಸೋರುವ ಜಾಗ ಹುಡುಕುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪಿನ ತನಕದ ದಾರಿಯಲ್ಲಿ ಹಾಗೆ ಹುಡುಕಿ ಉಪಯೋಗವಿಲ್ಲ. ಎಂಜಿನ್ ತಿರುಗುವಾಗ ಅಲ್ಲಿ ಇರುವುದು ತಳ್ಳುವ ಒತ್ತಡವಲ್ಲ, ಹೀರುವ ಸೆಳೆತ. ಅಲ್ಲಿ ಬಿರುಕು ಬಿಟ್ಟ ರಬ್ಬರ್ ಪೈಪಾಗಲಿ, ಸಡಿಲವಾದ ಕ್ಲಿಪ್ಪಾಗಲಿ ಡೀಸೆಲ್ಲನ್ನು ಹೊರಗೆ ಬಿಡುವುದಿಲ್ಲ. ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಒಣಗಿ ಶುದ್ಧವಾಗಿರುತ್ತದೆ. ಅನುಭವಸ್ಥರು ಇಂಥ ಒಣ ಜಾಯಿಂಟನ್ನೇ ಮೊದಲು ಅನುಮಾನಿಸುವುದು ಅದಕ್ಕೇ.

ಕಂಡುಹಿಡಿಯಲು ಎರಡು ಉಪಾಯಗಳಿವೆ, ಎರಡೂ ಅಗ್ಗ. ಫೀಡ್ ಪಂಪಿಗೆ ಬರುವ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಪೈಪು ಜೋಡಿಸಿ ಸೆಲ್ಫ್ ಕೊಟ್ಟರೆ ಗುಳ್ಳೆ ಬರುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಇನ್ನೊಂದು, ಗ್ಯಾರೇಜುಗಳಲ್ಲಿ ಹಿಂದಿನಿಂದ ಬಂದ ಡಬ್ಬಿಯ ಪರೀಕ್ಷೆ. ಸ್ವಚ್ಛ ಡೀಸೆಲ್ ತುಂಬಿದ ಡಬ್ಬಿಯನ್ನು ಎಂಜಿನ್ನಿಗಿಂತ ಎತ್ತರದಲ್ಲಿ ಕಟ್ಟಿ, ಅದರಿಂದ ನೇರ ಫೀಡ್ ಪಂಪಿಗೆ ಪೈಪ್ ಕೊಡುವುದು. ಗಾಡಿ ಎದ್ದು ನಿಲ್ಲದೆ ಓಡಿತೆಂದರೆ ಪಂಪ್, ನಾಜಲ್, ಎಂಜಿನ್ ಎಲ್ಲ ನಿರಪರಾಧಿಗಳು. ತಪ್ಪು ಇರುವುದು ಟ್ಯಾಂಕ್ ಮತ್ತು ಪೈಪಿನ ಕಡೆ. ಡಬ್ಬಿಯಿಂದಲೂ ಏಳದಿದ್ದರೆ ತಪ್ಪು ಮುಂದಿದೆ. ಹತ್ತು ನಿಮಿಷದಲ್ಲಿ ಸಮಸ್ಯೆ ಅರ್ಧಕ್ಕಿಳಿಯಿತು. ದುಬಾರಿ ಉಪಕರಣಗಳ ಈ ಕಾಲದಲ್ಲೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಹಳೆಯ ಡೀಸೆಲ್ ವ್ಯಾನಿಗೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಟ್ಯಾಂಕ್ ಬಿಚ್ಚಿ ತೊಳೆದ ಮೇಲೆ ಆಗುವ ತಪ್ಪುಗಳು ಕೆಲವು. ಹೋಗುವ ಪೈಪಿಗೂ ಹಿಂತಿರುಗಿ ಬರುವ ಪೈಪಿಗೂ ಅದಲುಬದಲಾಗುವುದು ಮುಖ್ಯವಾದದ್ದು. ರಿಟರ್ನ್ ಕೊಳವೆ ಟ್ಯಾಂಕಿನ ತಳ ಮುಟ್ಟದೆ ಮೇಲೇ ನಿಲ್ಲುವಂತಿದ್ದರೆ, ಅದರಿಂದ ಹೀರಿದಾಗ ಟ್ಯಾಂಕ್ ತುಂಬಿದ್ದಾಗ ಗಾಡಿ ಓಡುತ್ತದೆ, ಡೀಸೆಲ್ ಇಳಿದಂತೆ ಗಾಳಿ ಎಳೆಯುತ್ತದೆ. ತೊಳೆದ ನೀರು ಪೂರ್ತಿ ಆರದೆ ಉಳಿದರೆ ಅದು ಡೀಸೆಲ್ಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು, ಹೀರುವ ಕೊಳವೆ ಮೊದಲು ಅದನ್ನೇ ಕುಡಿಯುತ್ತದೆ. ಡೀಸೆಲ್ಲೇ ಎಣ್ಣೆಯಂತೆ ಜಾರಿಸುತ್ತಿದ್ದ ಪಂಪಿನ ಪ್ಲಂಜರುಗಳಿಗೆ ನೀರು ಹೋದರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದು ಹತ್ತು ನಿಮಿಷ ಇಟ್ಟರೆ ನೀರಿದ್ದರೆ ಬೇರೆಯಾಗಿ ಕಾಣುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿತೂತು ಮುಚ್ಚಿದ್ದರೆ ಡೀಸೆಲ್ ಇಳಿದಷ್ಟು ಗಾಳಿ ಒಳಬರದೆ ಟ್ಯಾಂಕೇ ಹಿಡಿದಿಟ್ಟುಕೊಳ್ಳುತ್ತದೆ. ಮುಚ್ಚಳ ತೆಗೆದಾಗ ಉಸ್ ಎಂದರೆ ಅದೇ ಕಾರಣ.

ಫಿಲ್ಟರ್ ಕೆಲಸದಲ್ಲಿ ಆಗುವುದು ವಾಷರಿನ ತಪ್ಪು. ಪೈಪಿನ ತುದಿಯನ್ನು ಹಿಡಿದಿಡುವ, ಒಳಗೆ ತೂತಿರುವ ಬ್ಯಾಂಜೊ ಬೋಲ್ಟಿನಲ್ಲಿ ಪೈಪಿನ ಎರಡೂ ಕಡೆ ಕೂರುವ ತಾಮ್ರದ ವಾಷರ್ ಒಮ್ಮೆ ಅದುಮಿಸಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಅದನ್ನೇ ಮತ್ತೆ ಹಾಕಿದರೆ ಎಷ್ಟು ಬಿಗಿದರೂ ಕೂರುವುದಿಲ್ಲ. ಹೊಸದು ಹಾಕಬೇಕು, ಕೈಯಲ್ಲಿ ಇಲ್ಲದಿದ್ದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಕೊಳ್ಳುವವರಿದ್ದಾರೆ, ಆ ಪದ್ಧತಿ ಸರಿಯಾದದ್ದೇ. ಇನ್ನೊಂದು ಸೂಕ್ಷ್ಮವಿದೆ. ಬ್ಯಾಂಜೊ ಬೋಲ್ಟ್‌ಗಳೆಲ್ಲ ಒಂದೇ ತರಹ ಕಂಡರೂ ಒಂದಲ್ಲ. ರಿಟರ್ನ್ ಕಡೆಯ ಬೋಲ್ಟಿನೊಳಗೆ ಕೆಲವು ಪಂಪುಗಳಲ್ಲಿ ಸ್ಪ್ರಿಂಗ್ ಇಟ್ಟ ಓವರ್‌ಫ್ಲೋ ವಾಲ್ವ್ ಇರುತ್ತದೆ. ಪಂಪಿನೊಳಗೆ ಸ್ವಲ್ಪ ಒತ್ತಡ ಉಳಿಸಿಕೊಳ್ಳುವುದು ಅದರ ಕೆಲಸ. ಅದನ್ನು ತೆಗೆದು ಬರುವ ದಾರಿಗೆ ಹಾಕಿ, ಸಾದಾ ಬೋಲ್ಟನ್ನು ಅದರ ಜಾಗಕ್ಕೆ ಹಾಕಿಬಿಟ್ಟರೆ ಡೀಸೆಲ್ ಪ್ಲಂಜರಿಗೆ ಹೋಗುವ ಬದಲು ಟ್ಯಾಂಕಿಗೆ ವಾಪಸಾಗುತ್ತದೆ. ಬಿಚ್ಚಿದ ಬೋಲ್ಟ್‌ಗಳನ್ನೆಲ್ಲ ಒಂದೇ ತಟ್ಟೆಗೆ ಸುರಿಯುವ ಅಭ್ಯಾಸದಿಂದ ಆಗುವ ತಪ್ಪು ಇದು.

ಹೊಗೆ ಹೇಳುವ ಮಾತು

ಸೆಲ್ಫ್ ಕೊಡುವಾಗ ಒಬ್ಬರು ಸೈಲೆನ್ಸರಿನ ಹಿಂದೆ ನಿಂತು ನೋಡಬೇಕು. ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ಮುಟ್ಟುತ್ತಿಲ್ಲ. ಮೇಲೆ ಹೇಳಿದ ಗಾಳಿ, ಟ್ಯಾಂಕ್, ವಾಷರ್ ಕಡೆಯೇ ಹುಡುಕಬೇಕು. ಇದೇ ಗುಂಪಿಗೆ ಸೇರಿದ ಇನ್ನೊಂದು ತಪ್ಪು ಇದೆ, ಅದಕ್ಕೆ ಎಷ್ಟೋ ಜನ ಇಡೀ ದಿನ ಕಳೆದಿದ್ದಾರೆ. ಹಳೆಯ ಡೀಸೆಲ್ ಎಂಜಿನ್ ಆಫ್ ಮಾಡಲು ಪಂಪಿನ ಸ್ಟಾಪ್ ಲಿವರ್ ಎಳೆಯುವ ಕೇಬಲ್ ಇರುತ್ತದೆ. ಪಂಪ್ ಬಿಚ್ಚಿ ಮತ್ತೆ ಕೂರಿಸುವಾಗ ಆ ಕೇಬಲ್ ತುಸು ಗಿಡ್ಡವಾಗಿ ಬಿಗಿದುಕೊಂಡರೆ ಲಿವರ್ ಸದಾ 'ಆಫ್' ಸ್ಥಿತಿಯಲ್ಲೇ ನಿಲ್ಲುತ್ತದೆ. ಪಂಪ್ ತಿರುಗುತ್ತದೆ, ಒಂದು ಹನಿಯನ್ನೂ ತಳ್ಳುವುದಿಲ್ಲ. ಕೇಬಲ್ ಬಿಚ್ಚಿ ಲಿವರನ್ನು ಕೈಯಿಂದ ಓಡುವ ಕಡೆಗೆ ಸರಿಸಿದರೆ ತಿಳಿದುಹೋಗುತ್ತದೆ. ಹೆಡ್ಡಿಗೆ ಕೈ ಹಾಕುವ ಮುಂಚೆ ಇದನ್ನು ನೋಡಿ.

ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಪಂಪನ್ನು ಎಂಜಿನ್ನಿನಿಂದ ಇಳಿಸಿ ಕ್ಯಾಲಿಬ್ರೇಷನ್‌ಗೆ ಕಳಿಸಿ ಮತ್ತೆ ಕೂರಿಸಿದ್ದರೆ ಮೊದಲು ಟೈಮಿಂಗ್ ನೋಡಬೇಕು. ಓಎಂ 616ರಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟಲು 24 ಡಿಗ್ರಿ ಇರುವಾಗ ಪಂಪ್ ತಳ್ಳಲು ಶುರುಮಾಡಬೇಕು. ಪಂಪ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಒಂದನೇ ಪಿಸ್ಟನ್ ಮೇಲಿದೆ ಎಂದಷ್ಟೇ ನೋಡಿ ಕೂರಿಸಿದರೆ ಸಾಲದು. ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ. ಒಂದು ಸಲ ಗಾಳಿ ಅದುಮಲು, ಇನ್ನೊಂದು ಸಲ ಹೊಗೆ ಹೊರದೂಡಲು. ಎರಡೂ ವಾಲ್ವ್ ಮುಚ್ಚಿರುವ ಸಲಕ್ಕೇ ಪಂಪ್ ಹೊಂದಬೇಕು. ತಪ್ಪಿದರೆ ಡೀಸೆಲ್ಲೆಲ್ಲ ಸೈಲೆನ್ಸರಿಗೆ ಹೋಗಿ ಬಿಳಿ ಮೋಡವಾಗುತ್ತದೆ. ಒಂದು ಹಲ್ಲು ಆಚೀಚೆಯಾದರೂ ಸಾಕು, ಏಳುವುದು ಕಷ್ಟ. ನಾಜಲ್‌ಗಳಿಗೆ ಹೋಗುವ ಪೈಪುಗಳ ಸಾಲನ್ನೂ ನೋಡಬೇಕು. ಈ ಎಂಜಿನ್ನಿನ ಹೊಡೆತದ ಕ್ರಮ 1-3-4-2.

ಬಿಳಿ ಹೊಗೆಗೆ ಇನ್ನೊಂದು ಕಾರಣ ಹೀಟರ್ ಪ್ಲಗ್. ಮುಖ್ಯ ಸಿಲಿಂಡರಿನ ಪಕ್ಕದ ಸಣ್ಣ ಕೋಣೆಯಲ್ಲಿ ಡೀಸೆಲ್ ಚಿಮುಕಿಸುವ ಈ ಜಾತಿಯ ಎಂಜಿನ್ನಿಗೆ ತಣ್ಣಗಿರುವಾಗ ಹೀಟರ್ ಬೇಕೇ ಬೇಕು. ಬಳ್ಳಾರಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಇಲ್ಲಿ ಹೀಟರ್ ಯಾಕೆ ಎನ್ನುವವರಿದ್ದಾರೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಗೆ ಆ ಮಾತು ಹೊಂದಬಹುದು, ಡಿಸೆಂಬರಿನ ಬೆಳಗಿನ ಜಾವಕ್ಕೆ ಹೊಂದದು. ಕೆಲವು ಹಳೆಯ ಎಂಜಿನ್‌ಗಳಲ್ಲಿ ಹೀಟರ್‌ಗಳನ್ನು ಒಂದರ ಬೆನ್ನಿಗೆ ಒಂದು ತಂತಿಯಲ್ಲಿ ಕಟ್ಟಿರುತ್ತಾರೆ. ಒಂದು ಸುಟ್ಟರೆ ಎಲ್ಲವೂ ತಣ್ಣಗೆ. ನಾಜಲ್ ಕೆಲಸಕ್ಕೆಂದು ಬಿಚ್ಚಿದ ಹೀಟರ್ ವೈರನ್ನು ಮರೆತು ಬಿಟ್ಟಿರುವುದೂ ಉಂಟು.

ಇಷ್ಟೆಲ್ಲ ನೋಡದೆ ಏರ್ ಕ್ಲೀನರಿನ ಬಾಯಿಗೆ ಈಥರ್ ಸ್ಪ್ರೇ ಹೊಡೆಯುವುದು, ಪೆಟ್ರೋಲ್ ಬಟ್ಟೆ ಹಿಡಿಯುವುದು ಅಪಾಯ. ಹೀಟರ್ ಕಾದಿರುವ ಎಂಜಿನ್ನಿಗೆ ಈಥರ್ ಹೋದರೆ ಪಿಸ್ಟನ್ ಮೇಲೇರುವ ಮುಂಚೆಯೇ ಸ್ಫೋಟಿಸುತ್ತದೆ. ಪಿಸ್ಟನ್ ರಿಂಗ್ ಒಡೆದ ಮೇಲೆ ಮೊದಲ ತೊಂದರೆ ಯಾವುದಿತ್ತು ಎಂದು ಹುಡುಕಿ ಪ್ರಯೋಜನವಿಲ್ಲ.

ಮಾರುತಿ ವ್ಯಾನಿನ ಕಥೆ ಚಿಕ್ಕದು. ಕಾರ್ಬೊರೇಟರ್ ಇರುವ ಹಳೆಯ ಓಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗೆ ಇರುತ್ತದೆ. ಸೀಟೆತ್ತಿ ಕಾರ್ಬೊರೇಟರ್ ತೊಳೆದು ಕೂರಿಸಿದ ಮೇಲೆ ಗಾಡಿ ಏಳದಿದ್ದರೆ, ಪೆಟ್ರೋಲ್ ಪಂಪಿನ ಪೈಪುಗಳು ಅದಲುಬದಲಾಗಿವೆಯೇ, ಕಾರ್ಬೊರೇಟರಿನ ಸಾಲಿನಾಯ್ಡ್ ವೈರ್ ಹಾಕಿದೆಯೇ, ಯಾವುದಾದರೂ ವ್ಯಾಕ್ಯೂಮ್ ಪೈಪು ಬಾಯಿ ತೆರೆದು ನೇತಾಡುತ್ತಿದೆಯೇ ಎಂದು ನೋಡಿದರೆ ಬಹುಪಾಲು ಅಲ್ಲೇ ಸಿಗುತ್ತದೆ. ಕೈ ತಾಗಿ ಪ್ಲಗ್ ವೈರ್ ಬದಲಾಗಿದ್ದರೆ 1-3-2 ಕ್ರಮಕ್ಕೆ ತರಬೇಕು. ಫ್ಲೋಟ್ ಸೂಜಿ ಕೂರದೆ ಪೆಟ್ರೋಲ್ ಉಕ್ಕಿದ್ದರೆ ಪ್ಲಗ್‌ಗಳು ಒದ್ದೆಯಾಗಿರುತ್ತವೆ. ಆಗ ಎಂಜಿನ್ ಆಯಿಲ್ ಕಡ್ಡಿ ಎತ್ತಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಆಯಿಲ್ ಬದಲಿಸದೆ ಓಡಿಸಬೇಡಿ. ಸೀಟಿನ ಕೆಳಗೆ ಪೆಟ್ರೋಲ್ ಚೆಲ್ಲಿರುವಾಗ ಬೀಡಿ ಹಚ್ಚಬೇಡಿ, ಬ್ಯಾಟರಿ ವೈರಿನಲ್ಲಿ ಕಿಡಿ ಹಾರಿಸಬೇಡಿ. ಕೂತವರ ಕೆಳಗೇ ಬೆಂಕಿ ಏಳುವ ಗಾಡಿ ಅದು. ನಂತರದ ವರ್ಷಗಳ ಎಂಪಿಎಫ್‌ಐ, ಅಂದರೆ ಕಾರ್ಬೊರೇಟರ್ ಬದಲು ಇಂಜೆಕ್ಷನ್ ಇರುವ, ಓಮ್ನಿಯಲ್ಲಿ ಪಂಪ್ ಟ್ಯಾಂಕಿನೊಳಗಿದೆ. ಚಾವಿ ತಿರುಗಿಸಿದ ಕೂಡಲೇ ಹಿಂದಿನಿಂದ ಒಂದೆರಡು ಸೆಕೆಂಡ್ ಸಣ್ಣ ಝೇಂಕಾರ ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಟ್ಯಾಂಕಿನ ಮೇಲಿನ ವೈರ್ ಸಾಕೆಟ್ ನೋಡಿ.

ಎರಡೂ ಕುಲದ ಗಾಡಿಗಳಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಕಷ್ಟ ಸೇರಿದೆ. ಇಂಧನವೇ ಬದಲಾಗಿದೆ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕ್‌ಗಳಲ್ಲಿ ಬಿಎಸ್-6 ಡೀಸೆಲ್ ಬಂತು. ಅದರಲ್ಲಿ ಗಂಧಕ 10 ಪಿಪಿಎಂ ಮೀರುವಂತಿಲ್ಲ. ಅದಕ್ಕೆ ಮುಂಚೆ 50 ಇತ್ತು, ಮೆಟಡಾರ್ ಹೊಸದಾಗಿದ್ದ ಕಾಲದಲ್ಲಿ ಅದರ ಎಷ್ಟೋ ಪಟ್ಟು. ಉಸಿರಾಡುವ ಗಾಳಿಗೆ ಇದು ಒಳ್ಳೆಯದೇ, ಬೇಕಾದದ್ದೇ. ಆದರೆ ಹಳೆಯ ಡೀಸೆಲ್ಲಿನಲ್ಲಿ ನೆನೆದು ಉಬ್ಬಿ ಕೂತಿದ್ದ ರಬ್ಬರ್ ಸೀಲ್‌ಗಳು, ಗಂಧಕ ತೆಗೆಯಲು ಶುದ್ಧೀಕರಿಸಿದ ಡೀಸೆಲ್ಲಿನಲ್ಲಿ ಕುಗ್ಗಬಹುದು. 1993ರಲ್ಲಿ ಅಮೆರಿಕದಲ್ಲಿ ಕಡಿಮೆ ಗಂಧಕದ ಡೀಸೆಲ್ ಬಂದಾಗ ಹಳೆಯ ಪಂಪುಗಳು ಸೋರುತ್ತಿವೆ ಎಂಬ ದೂರುಗಳೆದ್ದದ್ದು ಇದಕ್ಕೇ. ಪೆಟ್ರೋಲಿನ ಕಡೆ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ 2023ರ ಫೆಬ್ರುವರಿಯಲ್ಲಿ ಚಾಲನೆ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ಜಾತಿಯ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳಕ್ಕೆ ಹತ್ತಿದ್ದ ಗಸಿಯನ್ನು ಬಿಡಿಸಿ ಫಿಲ್ಟರಿಗೆ ತರುತ್ತದೆ. ಹಾಗಾಗಿ 1990ರ ದಶಕದ ವ್ಯಾನಿನ ರಬ್ಬರ್ ಪೈಪುಗಳನ್ನು ಬಿಚ್ಚಿ ಮತ್ತೆ ಅವನ್ನೇ ಹಾಕುವುದು ಉಳಿತಾಯವಲ್ಲ. ಬಿಚ್ಚಿದ ದಿನವೇ ಎಥನಾಲ್ ತಡೆಯುವ ಹೊಸ ಪೈಪು, ಹೊಸ ಕ್ಲಿಪ್ಪು ಹಾಕಿಸಿಬಿಡಬೇಕು.

ಇದನ್ನೆಲ್ಲ ಗ್ಯಾರೇಜಿನವರ ತಪ್ಪು ಎತ್ತಿ ಹೇಳಲು ಬರೆಯುತ್ತಿಲ್ಲ. ಬ್ರೂಸ್‌ಪೇಟೆಯ, ಕೌಲ್‌ಬಜಾರಿನ ಹಳೆಯ ಕೈಗಳಿಗೆ ಇಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಗೊತ್ತಿದೆ. ಉಕ್ಕಿನ ಪೈಪಿನ ಮೇಲೆ ಎರಡು ಬೆರಳಿಟ್ಟು, ಒಳಗಿನ ಮಿಡಿತದಿಂದಲೇ ಯಾವ ನಾಜಲ್ ಕೆಲಸ ಮಾಡುತ್ತಿಲ್ಲ ಎಂದು ಹೇಳಬಲ್ಲವರು ಅವರು. ಆ ತಿಳಿವಳಿಕೆ ಅವರ ಬೆರಳಿನಲ್ಲೇ ಉಳಿದಿದೆ, ಕಾಗದಕ್ಕೆ ಬಂದಿಲ್ಲ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಹುಡುಗರು ಇಂಥ ಹಿರಿಯರ ಬಳಿ ಕೂತು, ಅವರು ಹೇಳುವ ಪರೀಕ್ಷೆಗಳನ್ನು ಅವರದೇ ಮಾತಿನಲ್ಲಿ ಕನ್ನಡದಲ್ಲಿ ಬರೆದಿಡಬೇಕು. ಪೈಪು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡುವ ಅಭ್ಯಾಸವನ್ನು ಹುಡುಗರು ಹಿರಿಯರಿಗೆ ಕಲಿಸಲಿ. ಅದಲುಬದಲಿನ ತಪ್ಪು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ವ್ಯಾನ್ ಮಾಲೀಕರು ಮಾಡಬೇಕಾದ್ದೂ ಇದೆ. ಇಂಧನದ ಕೆಲಸಕ್ಕೆ ಗಾಡಿ ಬಿಟ್ಟಾಗ ಯಾವ ಯಾವ ಪೈಪು ಬಿಚ್ಚಿದರು, ಪಂಪ್ ಇಳಿಸಿದರೋ ಇಲ್ಲವೋ ಎಂದು ಕೇಳಿ ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ತೆಗೆದ ವಾಷರ್‌ಗಳನ್ನು ವಾಪಸ್ ಕೇಳಿ. ಹಳೆಯದು ಕೈಗೆ ಬಂದರೆ ಹೊಸದು ಗಾಡಿಯಲ್ಲಿದೆ. ಎಂಜಿನ್ ಹಿಡಿದ ಕೂಡಲೇ ಹೊರಡಬೇಡಿ. ಸ್ವಲ್ಪ ದೂರ ಓಡಿಸಿ ಬನ್ನಿ, ಆಫ್ ಮಾಡಿ, ಸಾಧ್ಯವಿದ್ದರೆ ಆ ರಾತ್ರಿ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಡಿ. ಎಲ್ಲಾದರೂ ಗಾಳಿ ಎಳೆಯುತ್ತಿದ್ದರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ಇಳಿದು ಬೆಳಗ್ಗೆ ಮೊದಲ ಸೆಲ್ಫಿಗೇ ಅದು ಗೊತ್ತಾಗುತ್ತದೆ. ಬೆಳಗ್ಗೆ ತಣ್ಣನೆಯ ಗಾಡಿ ಮೊದಲ ಸಲಕ್ಕೆ ಎದ್ದರೆ ದುಡ್ಡು ಕೊಟ್ಟು ತೆಗೆದುಕೊಂಡು ಹೋಗಿ.